ಐಸಿಸಿಎಂ ತರಬೇತಿ ಪ್ಯಾಕೇಜ್: ಆಫ್ರಿಕಾದ ಹಳ್ಳಿಗಳಲ್ಲಿ ಪಳಗಿದ್ದು, ಕೊಪ್ಪಳ–ರಾಯಚೂರಿನ ಆಶಾಗಳಿಗೆ ಎಷ್ಟು ಒದಗುತ್ತದೆ?

ಎರಡು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಭೇದಿ, ಜ್ವರ, ನ್ಯುಮೋನಿಯಾ ಈ ಮೂರನ್ನೂ ಊರಲ್ಲೇ ಗುರುತಿಸುವುದು, ಊರಲ್ಲಿ ಆಗುವಂಥದ್ದಕ್ಕೆ ಅಲ್ಲೇ ಔಷಧ ಕೊಡುವುದು, ಆಗದಿದ್ದನ್ನು ತಡಮಾಡದೆ ಆಸ್ಪತ್ರೆಗೆ ಕಳಿಸುವುದು. ಇಷ್ಟನ್ನು ಆರು ದಿನಗಳಲ್ಲಿ ಕಲಿಸುವ ಸಾಮಗ್ರಿ ಐಸಿಸಿಎಂ (ಮಕ್ಕಳ ಕಾಯಿಲೆಗಳನ್ನು ಊರಲ್ಲೇ ಸಮಗ್ರವಾಗಿ ನಿಭಾಯಿಸುವ) ಪ್ಯಾಕೇಜ್. ಸಿದ್ಧಪಡಿಸಿದವರು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್. ಮಲಾವಿ, ಉಗಾಂಡ, ಇಥಿಯೋಪಿಯಾದಂಥ ದೇಶಗಳು ತಮ್ಮ ಭಾಷೆಗೆ, ತಮ್ಮ ಕಾಯಿಲೆಗಳಿಗೆ ಹೊಂದಿಸಿಕೊಂಡು ಈ ಪದ್ಧತಿಯಲ್ಲಿ ಸಾವಿರಾರು ಹಳ್ಳಿ ಕಾರ್ಯಕರ್ತರನ್ನು ತಯಾರು ಮಾಡಿವೆ. ಒಳಗೆ ತರಬೇತುದಾರರ ಕೈಪಿಡಿ, ಕಾರ್ಯಕರ್ತೆಯ ಪುಸ್ತಕ, ಚಾರ್ಟ್, ಒಂದು ಹಾಳೆಯ ದಾಖಲೆ ನಮೂನೆ ಮತ್ತು ವಿಡಿಯೊ ಇವೆ. ಡೌನ್‌ಲೋಡ್‌ಗೆ ಹಣ ಕೊಡಬೇಕಿಲ್ಲ. ಖರ್ಚು ಬರುವುದು ಮುದ್ರಣಕ್ಕೆ, ಟೈಮರ್‌ಗೆ, ತೋಳು ಅಳೆಯುವ ಪಟ್ಟಿಗೆ ಮತ್ತು ಒಳ್ಳೆಯ ತರಬೇತುದಾರರಿಗೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಆಶಾಗಳಿಗೆ ಕಲಿಸುವ ಪಿಎಚ್‌ಸಿ ವೈದ್ಯರು, ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು), ಆಶಾ ಮೆಂಟರ್‌ಗಳು ಇದನ್ನು ತೆಗೆದುಕೊಳ್ಳಬೇಕೇ, ತೆಗೆದುಕೊಂಡರೆ ಯಾವ ಪುಟ ಇಟ್ಟು ಯಾವುದನ್ನು ಬಿಡಬೇಕು ಎಂಬುದಷ್ಟೇ ಈ ವಿಮರ್ಶೆಯ ವಿಷಯ. ತೀರ್ಪನ್ನು ಮೊದಲೇ ಹೇಳುತ್ತೇವೆ: ಕಾಯಿಲೆ ಬಿದ್ದ ಕೂಸನ್ನು ಎದುರಿಗೆ ಇಟ್ಟುಕೊಂಡು ಕಾರ್ಯಕರ್ತೆಯ ಕಣ್ಣು, ಕೈ ಪಳಗಿಸುವುದರಲ್ಲಿ ಈ ಪ್ಯಾಕೇಜ್ ಬಹಳ ಗಟ್ಟಿ. ಆ ಕಾಯಿಲೆ ಊರಿಗೆ ಎಲ್ಲಿಂದ ಬಂತು ಎಂದು ಕೇಳುವುದನ್ನು ಮಾತ್ರ ಇದು ಕಲಿಸುವುದಿಲ್ಲ. ಆ ಭಾಗವನ್ನು ನಾವೇ ಸೇರಿಸಬೇಕು.

ಒಂದು ಹಾಳೆಯ ನಮೂನೆ

ಇಡೀ ಪ್ಯಾಕೇಜಿನಲ್ಲಿ ಅತ್ಯಂತ ಬೆಲೆಬಾಳುವುದು ಈ ಹಾಳೆ. ಎಡಗಡೆ ತಾಯಿಗೆ ಕೇಳಬೇಕಾದ್ದು, ಮಗುವಿನಲ್ಲಿ ನೋಡಬೇಕಾದ್ದು. ಬಲಗಡೆ ಎರಡು ಕಾಲಂ: ಒಂದು ಅಪಾಯದ ಚಿಹ್ನೆಗಳಿಗೆ, ಇನ್ನೊಂದು ಕಾಯಿಲೆ ಇದ್ದರೂ ಅಪಾಯದ ಚಿಹ್ನೆ ಇಲ್ಲದ ಸ್ಥಿತಿಗೆ. ಮೊದಲ ಕಾಲಂನಲ್ಲಿ ಒಂದೇ ಒಂದು ಟಿಕ್ ಬಿದ್ದರೂ ಮಗು ಆಸ್ಪತ್ರೆಗೆ. ಕಾರ್ಯಕರ್ತೆ ಅಂದಾಜು ಮಾಡುತ್ತಾ ಕೂರಬೇಕಿಲ್ಲ, ಹಾಳೆಯೇ ನಿರ್ಧಾರಕ್ಕೆ ತಂದು ನಿಲ್ಲಿಸುತ್ತದೆ.

ಆ ಕಾಲಂನಲ್ಲಿ ಇರುವುದು ಇವು: 14 ದಿನ ಅಥವಾ ಹೆಚ್ಚು ಕಾಲದ ಕೆಮ್ಮು, 14 ದಿನ ಅಥವಾ ಹೆಚ್ಚಿನ ಭೇದಿ, ಮಲದಲ್ಲಿ ರಕ್ತ, 7 ದಿನ ಅಥವಾ ಹೆಚ್ಚಿನ ಜ್ವರ, ಫಿಟ್ಸ್, ಏನನ್ನೂ ಕುಡಿಯಲು ಆಗದಿರುವುದು, ಹೊಟ್ಟೆಗೆ ಹೋದದ್ದೆಲ್ಲ ವಾಂತಿಯಾಗುವುದು, ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುವುದು, ಎಬ್ಬಿಸಿದರೂ ಏಳದಂಥ ಮಂಪರು, ತೋಳಿನ ಪಟ್ಟಿಯಲ್ಲಿ ಕೆಂಪು (ತೀವ್ರ ಅಪೌಷ್ಟಿಕತೆಯ ಗುರುತು), ಎರಡೂ ಪಾದಗಳಲ್ಲಿ ಬಾವು. ಇವುಗಳಲ್ಲಿ ಅರ್ಧದಷ್ಟನ್ನು ಕೇಳಿ ತಿಳಿಯಬಹುದು, ಉಳಿದದ್ದನ್ನು ಕಣ್ಣಲ್ಲಿ ನೋಡಲೇಬೇಕು. "ಕೂಸು ಮಲಿ ಕುಡೀವಲ್ದು ಅಕ್ಕಾ" ಎಂದು ತಾಯಿ ಹೇಳಿದ ಕೂಡಲೇ ಟಿಕ್ ಹಾಕುವುದು ತಪ್ಪು, ಹಾಕದೇ ಬಿಡುವುದು ಇನ್ನೂ ದೊಡ್ಡ ತಪ್ಪು. ಎದುರಿಗೇ ಎದೆಗೆ ಹಾಕಿಸಿ ನೋಡಬೇಕು. ಬಾಯಿ ಹಾಕಿ ನಾಲ್ಕು ಗುಟುಕು ನುಂಗಿದರೆ ಅದು ಬೇರೆ, ಬಾಯಿ ತೆರೆಯಲೂ ಶಕ್ತಿ ಇಲ್ಲದಿದ್ದರೆ ಅದು ಬೇರೆ. ಇದನ್ನು ತರಬೇತಿಯಲ್ಲಿ ಪದೇ ಪದೇ ಮಾಡಿಸುವುದು ಈ ಪ್ಯಾಕೇಜಿನ ದೊಡ್ಡ ಗುಣ.

ಎರಡು ತಿಂಗಳ ಒಳಗಿನ ಕೂಸು ಇಲ್ಲಿ ಬರುವುದಿಲ್ಲ ಎಂಬುದನ್ನು ಮೊದಲ ದಿನವೇ ಒತ್ತಿ ಹೇಳಿ. ಅಷ್ಟು ಸಣ್ಣ ಕೂಸಿಗೆ ಜ್ವರ ಬಂದರೆ, ಮೈ ತಣ್ಣಗಾದರೆ, ಹಾಲು ಬಿಟ್ಟರೆ ನೇರ ಆಸ್ಪತ್ರೆಗೆ. ಅದಕ್ಕೆ ನಮ್ಮಲ್ಲಿ ಎಚ್‌ಬಿಎನ್‌ಸಿ (ನವಜಾತ ಶಿಶುವಿನ ಮನೆ ಆರೈಕೆ) ಭೇಟಿಗಳಿವೆ: ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ. ಆ ಕಲಿಕೆಯ ಬೇರು ಇರುವುದು ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಮಾಡಿದ ಕೆಲಸದಲ್ಲಿ. ಅದನ್ನು ತೆಗೆದುಹಾಕಿ ಇದನ್ನು ತರುವ ಪ್ರಶ್ನೆಯೇ ಇಲ್ಲ, ಅದು ಮುಗಿದಲ್ಲಿಂದ ಇದು ಶುರು.

ಉಸಿರು ಎಣಿಸುವುದು

ಹೆಚ್ಚಿನ ತರಬೇತಿಗಳು ಸೋಲುವುದು ಇಲ್ಲೇ. ಮಿತಿಗಳು ಸರಳ: 2 ತಿಂಗಳಿಂದ 12 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 12 ತಿಂಗಳಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಉಸಿರಾಟ ವೇಗವಾಗಿದೆ ಎಂದರ್ಥ. ಈ ಅಂಕಿಗಳನ್ನು ಬಾಯಿಪಾಠ ಮಾಡಿಸಲು ಹತ್ತು ನಿಮಿಷ ಸಾಕು. ಎಣಿಸಲು ಕಲಿಸುವುದಕ್ಕೆ ಎರಡು ಪೂರ್ತಿ ದಿನ ಬೇಕು, ಅದೂ ನಿಜವಾದ ಮಕ್ಕಳ ಮೇಲೆ.

ಪ್ಯಾಕೇಜಿನ ಜೊತೆ ಸಾಮಾನ್ಯವಾಗಿ ಕೊಡುವ ಯುನಿಸೆಫ್‌ನ ಎಆರ್‌ಐ (ಉಸಿರಾಟದ ಸೋಂಕು) ಟೈಮರ್ ಪ್ರತಿ ಸೆಕೆಂಡಿಗೂ ಟಿಕ್ ಎನ್ನುತ್ತದೆ, 30 ಸೆಕೆಂಡಿಗೆ ಒಮ್ಮೆ ಬೀಪ್, 60ಕ್ಕೆ ಮತ್ತೊಮ್ಮೆ ಬೀಪ್. ಗಟ್ಟಿಮುಟ್ಟಾಗಿದೆ, ಆದರೆ ಆ ಟಿಕ್ ಸದ್ದೇ ಅದರ ದೋಷ. ಹೊಸಬರು ಹೊಟ್ಟೆ ನೋಡುವುದನ್ನು ಬಿಟ್ಟು ಟಿಕ್ ಎಣಿಸತೊಡಗುತ್ತಾರೆ, ಫಲಿತಾಂಶ ಸದಾ 60ರ ಆಸುಪಾಸು ಬರುತ್ತದೆ. ಇನ್ನು ಕೆಲವರು ಮೊದಲ ಬೀಪ್‌ಗೇ ನಿಲ್ಲಿಸಿ, ಸಿಕ್ಕ 24ನ್ನು ಪೂರ್ತಿ ನಿಮಿಷದ ಲೆಕ್ಕವೆಂದು ಬರೆದು "ಸರಿಯಾಗಿದೆ" ಎನ್ನುತ್ತಾರೆ. ಆ ಮಗುವಿನ ನಿಜವಾದ ಲೆಕ್ಕ 48ರ ಹತ್ತಿರ, ಎರಡು ವರ್ಷದ ಮಗುವಾಗಿದ್ದರೆ ಅದು ನ್ಯುಮೋನಿಯಾ. ಮಕ್ಕಳ ಉಸಿರು ಸಮನಾಗಿ ಇರುವುದಿಲ್ಲ, ಆದ್ದರಿಂದ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದನ್ನೂ ಒಪ್ಪಬಾರದು. ಮೊಬೈಲಿನ ಟೈಮರನ್ನು ಒಂದು ನಿಮಿಷಕ್ಕೆ ಇಟ್ಟು ಪಕ್ಕಕ್ಕಿಟ್ಟರೆ ನಮ್ಮ ಆಶಾಗಳಿಗೆ ಅದೇ ವಾಸಿ: ಮಧ್ಯೆ ಸದ್ದಿಲ್ಲ, ಕೊನೆಗೊಂದು ಗಂಟೆ. ಆಫ್ರಿಕಾದಲ್ಲಿ ಓದುಬರಹ ಕಡಿಮೆ ಇರುವ ಕಡೆ ಬಣ್ಣ ಬಣ್ಣದ ಮಣಿಸರ ಕೊಟ್ಟು, ಪ್ರತಿ ಉಸಿರಿಗೂ ಒಂದೊಂದು ಮಣಿ ಸರಿಸುವಂತೆ ಕಲಿಸಿದ್ದುಂಟು. ಉಸಿರು ಜೋರಾದಾಗ ಬೆರಳು ಹಿಂದೆ ಬೀಳುತ್ತದೆ. ನಮ್ಮಲ್ಲಿ ಅದರ ಅಗತ್ಯವಿಲ್ಲ.

ಎಣಿಸುವ ಕ್ರಮ ಹೀಗಿರಲಿ. ಮಗು ತಾಯಿಯ ತೊಡೆಯ ಮೇಲೆ ಶಾಂತವಾಗಿರಬೇಕು, ಹಾಲು ಕುಡಿಯುತ್ತಿರಬಾರದು, ಅಳುತ್ತಿರಬಾರದು. ಅಂಗಿ ಎತ್ತುವುದು ತಾಯಿಯ ಕೆಲಸ, ಕಾರ್ಯಕರ್ತೆ ಕೈ ಹಾಕಿದರೆ ಅಳು ಶುರುವಾಗುತ್ತದೆ. ಒಳಮನೆಯ ಕತ್ತಲಲ್ಲಿ ಬೇಡ, ಬಾಗಿಲ ಬಳಿ ಬೆಳಕಿಗೆ ಬನ್ನಿ. ಹೊಟ್ಟೆ ಅಥವಾ ಎದೆಯ ಮೇಲೆ ಒಂದೇ ಜಾಗ ಹಿಡಿದು ನೋಡಿ. ಏರಿ ಇಳಿದರೆ ಒಂದು. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಂದು ಎಣಿಸಿ 90, 100 ಬರೆದ ಹಾಳೆಗಳು ಪ್ರತಿ ಬ್ಯಾಚಿನಲ್ಲೂ ಸಿಗುತ್ತವೆ. ಮಧ್ಯೆ ಮಗು ಅತ್ತರೆ ಮೊದಲಿಂದ ಎಣಿಸಬೇಕು. ತರಬೇತುದಾರರು ಪಕ್ಕದಲ್ಲೇ ಕೂತು ಅದೇ ನಿಮಿಷವನ್ನು ಎಣಿಸಿ, ಇಬ್ಬರ ಅಂಕಿಯಲ್ಲಿ 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಬೇಕು. ಈ ಅಳತೆ ನಮ್ಮದು, ಸ್ವಲ್ಪ ಬಿಗಿಯೇ, ಆದರೆ ಬಿಗಿ ಇದ್ದರೇ ಕೈ ಕೂರುವುದು.

ಎದೆ ಒಳಸೇರುವುದನ್ನು ಮಾತಲ್ಲಿ ಕಲಿಸಲು ಆಗುವುದಿಲ್ಲ. ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಕೆಳಗಿನ ಭಾಗ ಉಬ್ಬಬೇಕು, ಅದು ಒಳಕ್ಕೆ ಹೋದರೆ ಅಪಾಯ. ಅದೂ ಮಗು ಸುಮ್ಮನಿದ್ದಾಗ, ಎಳೆದ ಪ್ರತಿ ಉಸಿರಿಗೂ ಕಾಣಬೇಕು. ಮೂಗು ಕಟ್ಟಿ ಹಾಲು ಕುಡಿಯಲು ಒದ್ದಾಡುವ ಮಗುವಿನ ಹೊಟ್ಟೆ ಹಾರುವುದನ್ನೇ ಇದೆಂದು ತಿಳಿಯುವವರಿದ್ದಾರೆ. ಇದಕ್ಕೆ ಪ್ಯಾಕೇಜಿನ ವಿಡಿಯೊ ನಿಜಕ್ಕೂ ಅಮೂಲ್ಯ. ಒಮ್ಮೆ ತೋರಿಸಿ ಬಿಡಬೇಡಿ. ಸದ್ದು ತೆಗೆದು, ಪ್ರತಿ ಮಗುವಿಗೂ ನಿಲ್ಲಿಸಿ, ಎಲ್ಲರಿಂದ ಉತ್ತರ ಬರೆಸಿ, ಆಮೇಲೆ ಚರ್ಚೆ ಮಾಡಿ. ಹಳ್ಳಿಯಲ್ಲಿ ಪಕ್ಕೆ ಎಳೆಯುವ ಮಗುವಿಗೆ ಹೊಟ್ಟೆಯ ಮೇಲೆ ಬರೆ ಹಾಕಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬರೆ ಕಂಡರೆ ತಾಯಿಯನ್ನು ಬೈಯದೆ ಉಸಿರು ಎಣಿಸಿ ಕಳಿಸುವುದು ಮುಖ್ಯ, ಬೈದರೆ ಮುಂದಿನ ಸಲ ಆಕೆ ಕೂಸನ್ನು ತೋರಿಸುವುದೇ ಇಲ್ಲ.

ಔಷಧದ ಪುಟವನ್ನು ಮಾತ್ರ ಹಾಗೇ ಮುದ್ರಿಸಬಾರದು. ಮೂಲದಲ್ಲಿ ವೇಗದ ಉಸಿರಿಗೆ 250 ಮಿ.ಗ್ರಾಂ. ಅಮಾಕ್ಸಿಸಿಲಿನ್ ಮಾತ್ರೆ ಐದು ದಿನ: ವರ್ಷದೊಳಗಿನವರಿಗೆ ದಿನಕ್ಕೆರಡು ಸಲ ಒಂದೊಂದು, ಅದಕ್ಕೆ ಮೇಲ್ಪಟ್ಟವರಿಗೆ ಎರಡೆರಡು. ಅದು ಆಸ್ಪತ್ರೆ ದೂರವಿರುವ ಜಾಗಗಳಿಗಾಗಿ ಮಾಡಿದ್ದು. ಲೈಬೀರಿಯಾ 2016ರಲ್ಲಿ ಶುರುಮಾಡಿದ ಯೋಜನೆ ಆಸ್ಪತ್ರೆಯಿಂದ 5 ಕಿ.ಮೀ.ಗಿಂತ ದೂರದ ಊರುಗಳಿಗೇ ಮೀಸಲು. ನಮ್ಮಲ್ಲಿ 2019ರ ಸಾನ್ಸ್ (ನ್ಯುಮೋನಿಯಾದಿಂದ ಮಕ್ಕಳ ಸಾವು ತಡೆಯುವ) ಕಾರ್ಯಕ್ರಮದ ಪ್ರಕಾರ ಆಶಾ ಕೊಡುವುದು ಕಳಿಸುವ ಮುಂಚಿನ ಒಂದು ಡೋಸ್ ಮಾತ್ರ, ಉಳಿದದ್ದು ಆಸ್ಪತ್ರೆಯಲ್ಲಿ. ಪುಟವನ್ನು ಆ ಪ್ರಕಾರ ತಿದ್ದಿ, ವೈದ್ಯಾಧಿಕಾರಿಯ ಒಪ್ಪಿಗೆ ಪಡೆದೇ ಅಚ್ಚು ಹಾಕಿಸಿ.

ಓಆರ್‌ಎಸ್ ಮತ್ತು ಜಿಂಕ್

ಭೇದಿಯ ಅಧ್ಯಾಯ ಚೆನ್ನಾಗಿದೆ, ಆದರೆ ನಮ್ಮ ಅಂಗಡಿಗಳಲ್ಲಿ ಏನು ಸಿಗುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸರ್ಕಾರಿ ಪೂರೈಕೆಯ 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಸಣ್ಣ ಪೊಟ್ಟಣ 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು, ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ, ಸೋಡಿಯಂ ಏರಿ ಮಗು ಮಂಪರಿಗೆ ಹೋಗಬಹುದು. ಸಣ್ಣದನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಅರ್ಧ ಪೊಟ್ಟಣ ಈಗ, ಅರ್ಧ ನಾಳೆ ಎನ್ನುವುದೂ ಬೇಡ, ಅಳತೆ ಖಂಡಿತ ತಪ್ಪುತ್ತದೆ. ತಂಬಿಗೆ, ಚರಿಗೆ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಹಾಗಾಗಿ ಒಂದು ಲೀಟರಿನ ಖಾಲಿ ನೀರಿನ ಬಾಟಲಿಯನ್ನೇ ಅಳತೆಗೆ ಹಿಡಿಯಿರಿ. ತರಬೇತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ತಂಬಿಗೆ ತಂದು, ಬಾಟಲಿಯಿಂದ ನೀರು ತುಂಬಿಸಿ ಎಲ್ಲಿಗೆ ಬರುತ್ತದೆಂದು ಗುರುತು ಮಾಡಲಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಬೇಕು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಮೇಲ್ಪಟ್ಟವರಿಗೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ಗಂಜಿ, ಬೇಳೆ ಕಟ್ಟು, ಮಜ್ಜಿಗೆ ಎಲ್ಲವೂ ಆಗುತ್ತವೆ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಆಗುವುದಿಲ್ಲ. ಅಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ, ಆದರೂ ಜನರ ಬಾಯಲ್ಲಿ ಆ ಹೆಸರು ಉಳಿದಿದೆ. ಆಶಾ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿದರೆ ತಾಯಂದಿರಿಗೆ ತಕ್ಷಣ ಅರ್ಥವಾಗುತ್ತದೆ.

ಜಿಂಕ್ ಮಾತ್ರೆ ಆರು ತಿಂಗಳೊಳಗಿನವರಿಗೆ 10 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ. ಮೇಲ್ಪಟ್ಟವರಿಗೆ 20 ಮಿ.ಗ್ರಾಂ. ನಮ್ಮ ದೇಶದ ಕ್ರಮದಲ್ಲಿ 14 ದಿನ. ಚಮಚದಲ್ಲಿ ಎದೆಹಾಲು ಅಥವಾ ಶುದ್ಧ ನೀರು ಹಾಕಿ ಕರಗಿಸಿ ಕುಡಿಸುವುದು. ತಪ್ಪುವುದು ಮೂರನೇ ದಿನ: ಭೇದಿ ನಿಂತಿತು, ಮಾತ್ರೆಯೂ ನಿಂತಿತು. 14 ದಿನದ ಜಿಂಕ್ ಮುಂದಿನ ತಿಂಗಳುಗಳಲ್ಲಿ ಭೇದಿ ಮರಳದಂತೆ ಕಾಯುವುದಕ್ಕೆ ಎಂದು ಮೊದಲ ಮಾತ್ರೆ ಕೊಡುವಾಗಲೇ ಹೇಳಬೇಕು. ಆ ಮೊದಲ ಮಾತ್ರೆಯನ್ನು ತಾಯಿಯ ಕೈಯಿಂದಲೇ ಎದುರಿಗೆ ಕೊಡಿಸಬೇಕೆಂಬ ನಿಯಮ ಪ್ಯಾಕೇಜಿನಲ್ಲಿದೆ. ಅದನ್ನು ಬಿಡಬೇಡಿ.

ಜ್ವರದ ಅಧ್ಯಾಯಕ್ಕೆ ಕತ್ತರಿ

ಆಫ್ರಿಕಾದಲ್ಲಿ ಮಲೇರಿಯಾ ಎಂದರೆ ಬಹುಪಾಲು ಫಾಲ್ಸಿಪಾರಂ ಎಂಬ ಜಾತಿಯ ರೋಗಾಣುವಿನದು. ಅಲ್ಲಿ ಜ್ವರ ಕಂಡ ಕೂಡಲೇ ರಾಪಿಡ್ ಟೆಸ್ಟ್, ಪಾಸಿಟಿವ್ ಆದರೆ ಆರ್ಟಿಮೀಥರ್-ಲ್ಯುಮೆಫಾಂಟ್ರಿನ್ ಮೂರು ದಿನ ಎಂಬ ಕ್ರಮ ಜೀವ ಉಳಿಸುತ್ತದೆ. ನಮ್ಮಲ್ಲಿ ವೈವಾಕ್ಸ್ ಎಂಬ ಇನ್ನೊಂದು ಜಾತಿ ಕೂಡ ಇದೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಜೊತೆಗೆ ಕರ್ನಾಟಕದಲ್ಲಿ ಮಲೇರಿಯಾ ಸಾಕಷ್ಟು ಇಳಿದು ಮಳೆಗಾಲದ ಜ್ವರ ಎಂದರೆ ಡೆಂಗಿ, ಚಿಕುನ್‌ಗುನ್ಯಾದ ಚಿಂತೆ ಹೆಚ್ಚಾಗಿದೆ. ಆದ್ದರಿಂದ ಔಷಧದ ಕೋಷ್ಟಕ ತೆಗೆದು ನಮ್ಮ ರಾಷ್ಟ್ರೀಯ ಕ್ರಮ ಹಾಕಬೇಕು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಆರ್‌ಎಂಪಿ (ಊರಿನ ಖಾಸಗಿ ಡಾಕ್ಟರ್) ಹತ್ತಿರದ ನೋವಿನ ಇಂಜೆಕ್ಷನ್ ಬೇಡ ಎಂಬ ಸಾಲನ್ನೂ ಸೇರಿಸಬೇಕು, ಡೆಂಗಿಯಲ್ಲಿ ಅವು ರಕ್ತಸ್ರಾವಕ್ಕೆ ದಾರಿ.

ಟೆಸ್ಟ್ ಮಾಡುವ ವಿಧಾನದ ಪಾಠವನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ, ಬಹಳ ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ರಕ್ತ ಹೆಚ್ಚಾದರೆ ಪಟ್ಟಿ ಪೂರ್ತಿ ಕೆಂಪಾಗಿ ಗೆರೆ ಕಾಣುವುದಿಲ್ಲ, ಬಫರ್ ಹನಿ ಕಡಿಮೆಯಾದರೆ ರಕ್ತ ಮುಂದಕ್ಕೆ ಹರಿಯುವುದಿಲ್ಲ, ಹೇಳಿದ ಸಮಯಕ್ಕೆ ಮುಂಚೆ ಓದಿದರೆ ತೆಳು ಗೆರೆ ತಪ್ಪುತ್ತದೆ, ಗಂಟೆಗಟ್ಟಲೆ ಬಿಟ್ಟು ಓದಿದರೆ ಸುಳ್ಳು ಗೆರೆ ಮೂಡಬಹುದು. ಫಾಲ್ಸಿಪಾರಂ ಹಿಡಿಯುವ ಎಚ್‌ಆರ್‌ಪಿ-2 ಟೆಸ್ಟ್ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಮರುಪರೀಕ್ಷೆಗೆ ಅದು ಬರುವುದಿಲ್ಲ. ಇನ್ನೊಂದು ನಮ್ಮದೇ ತೊಂದರೆ: ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಟೆಸ್ಟ್ ಕಿಟ್ ಡಬ್ಬಿಯ ಮೇಲೆ ಬರೆದ ಗರಿಷ್ಠ ತಾಪಮಾನ 30 ಇರಲಿ, 40 ಇರಲಿ, ಏಪ್ರಿಲ್‌ನಲ್ಲಿ ಆಶಾ ಬ್ಯಾಗಿನಲ್ಲಿ ಬಿಸಿಲಿಗೆ ಬಿದ್ದ ಕಿಟ್ಟನ್ನು ನಂಬಲಾಗದು. ಬೇಸಿಗೆಯಲ್ಲಿ ದಾಸ್ತಾನು ಪಿಎಚ್‌ಸಿಯಲ್ಲಿರಲಿ, ಆಶಾ ಬಳಿ ಆ ವಾರಕ್ಕೆ ಬೇಕಾದಷ್ಟೇ ಇರಲಿ.

ತೋಳಿನ ಪಟ್ಟಿ

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, 115ರಿಂದ 125ರ ಒಳಗೆ ಹಳದಿ. ಕೆಂಪು ಬಂದ ಮಗುವನ್ನು ಆಸ್ಪತ್ರೆಗೆ ಕಳಿಸಬೇಕು. ಅಂಗನವಾಡಿಯಲ್ಲಿ ತೂಕ, ಎತ್ತರ ಹಿಡಿದರೂ ಗುಳೆ ಹೋಗಿ ಬಂದ ಮಕ್ಕಳು ಅಲ್ಲಿನ ದಾಖಲೆಯಲ್ಲಿ ಇರುವುದಿಲ್ಲ. ಅವರನ್ನು ಬೀದಿಯಲ್ಲೇ ಗುರುತಿಸಲು ಈ ಪಟ್ಟಿಯಷ್ಟು ಅಗ್ಗದ, ವೇಗದ ಸಾಧನ ಬೇರೆ ಇಲ್ಲ.

ಒಂದು ಎಚ್ಚರಿಕೆ. ಪ್ಯಾಕೇಜಿನ ಪಿಡಿಎಫ್‌ನಿಂದ ಪಟ್ಟಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಬೇಡಿ. ಪುಟಕ್ಕೆ ಹೊಂದಿಸುವ ಆಯ್ಕೆಯಲ್ಲಿ ಪ್ರಿಂಟರ್ ಅಳತೆಯನ್ನು ಕುಗ್ಗಿಸುತ್ತದೆ. 95%ಗೆ ಕುಗ್ಗಿದರೆ 115 ಎಂದು ಬರೆದ ಗೆರೆ ನಿಜದಲ್ಲಿ 109 ಮಿ.ಮೀ.ನಲ್ಲಿ ಇರುತ್ತದೆ. ತೋಳು 112 ಇರುವ, ಕೂಡಲೇ ಆಸ್ಪತ್ರೆಗೆ ಕಳಿಸಬೇಕಾದ ಮಗು ಆ ಪಟ್ಟಿಯಲ್ಲಿ 118 ತೋರಿಸಿ ಹಳದಿಗೆ ಬೀಳುತ್ತದೆ. ಸಿದ್ಧ ಪ್ಲಾಸ್ಟಿಕ್ ಪಟ್ಟಿಯನ್ನೇ ತರಿಸಿ, ಬಂದ ಮೇಲೂ ಸ್ಟೀಲ್ ಸ್ಕೇಲಿನ ಮೇಲಿಟ್ಟು ನೋಡಿ. ಬಿಗಿದು ಎಳೆದರೆ ಅಳತೆ ಕಡಿಮೆ, ಸಡಿಲ ಬಿಟ್ಟರೆ ಹೆಚ್ಚು. ಚರ್ಮ ಮುದುಡಬಾರದು, ಪಟ್ಟಿಯ ಕೆಳಗೆ ಸಂದೂ ಕಾಣಬಾರದು. ಪಾದದ ಬಾವಿಗೆ ಎರಡೂ ಪಾದಗಳ ಮೇಲೆ ಹೆಬ್ಬೆರಳು ಒತ್ತಿ ಮೂರು ಸೆಕೆಂಡು ಹಿಡಿದು ಬಿಡಿ, ಗುಳಿ ಉಳಿದರೆ ತೋಳಿನ ಅಳತೆ ಹಸಿರಿದ್ದರೂ ಮಗು ಆಸ್ಪತ್ರೆಗೆ.

ಆರು ದಿನ ಒಂದೇ ಸಮನೆ ಬೇಡ

ಪ್ಯಾಕೇಜ್ ಆರು ದಿನವನ್ನು ಸಾಲಾಗಿ ಇಟ್ಟಿದೆ. ಇದಕ್ಕೆ ನಮ್ಮ ಆಶಾ ಆರು, ಏಳನೇ ಮಾಡ್ಯೂಲಿನ ಕ್ರಮವೇ ಮೇಲು: ಐದೈದು ದಿನದಂತೆ ನಾಲ್ಕು ಸುತ್ತು, ಒಟ್ಟು 20 ದಿನ, ನಡುವೆ ಊರಿಗೆ ಹೋಗಿ ಕೆಲಸ ಮಾಡಿ ಬರುವ ಅವಕಾಶ. ಕಲಿತದ್ದನ್ನು ಮಾಡಿ ನೋಡಿ, ತೊಡಕು ಹೊತ್ತು ತಂದಾಗಲೇ ಎರಡನೇ ಸುತ್ತಿಗೆ ಅರ್ಥ. ಆದರೆ ನಮ್ಮ ಆ ತರಬೇತಿಗಳಲ್ಲಿ ಪಿಪಿಟಿ ಹೆಚ್ಚಾಗಿ ಮಕ್ಕಳು ಕಡಿಮೆಯಾಗುವ ಅಪಾಯವಿದೆ. ಈ ಪ್ಯಾಕೇಜಿನಲ್ಲಿ ವಾರ್ಡು, ಓಪಿಡಿಯಲ್ಲಿ ಅಭ್ಯಾಸ ಕಡ್ಡಾಯ. ಹಾಗಾಗಿ ಮೂರು ದಿನ, ನಾಲ್ಕು ವಾರ ಬಿಟ್ಟು ಮತ್ತೆ ಮೂರು ದಿನ ಎಂದು ಮುರಿದರೆ ಎರಡರ ಒಳ್ಳೆಯದೂ ಸಿಗುತ್ತದೆ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಪಾಠ. ಸಣ್ಣ ಪಿಎಚ್‌ಸಿಯಲ್ಲಿ ದಿನಕ್ಕೆ ಸಾಕಷ್ಟು ಕೆಮ್ಮಿನ ಮಕ್ಕಳು ಸಿಗುವುದಿಲ್ಲ, ತಾಲ್ಲೂಕು ಆಸ್ಪತ್ರೆಯೋ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗವೋ ಬೇಕು. ಸಾನ್ಸ್ ಅಭಿಯಾನ ನವೆಂಬರ್ 12ಕ್ಕೆ ಶುರುವಾಗಿ ಫೆಬ್ರುವರಿ 28ರವರೆಗೆ ನಡೆಯುತ್ತದೆ. ಮೊದಲ ಸುತ್ತು ಅಕ್ಟೋಬರ್‌ನಲ್ಲಿ ಮುಗಿದರೆ ಕಲಿತದ್ದಕ್ಕೆ ಕೂಡಲೇ ಕೆಲಸ ಸಿಗುತ್ತದೆ. ಏಪ್ರಿಲ್, ಮೇ ಬೇಡ: ಬಿಸಿಲು, ಅರ್ಧ ಊರು ಗುಳೆ.

ತರಬೇತಿ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ಅನುಭವವೇ ದೊಡ್ಡ ಪಾಠ. ಇಥಿಯೋಪಿಯಾ 2003ರಲ್ಲಿ ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ಒಂದು ವರ್ಷ ತರಬೇತಿ ಕೊಟ್ಟು, ಸರ್ಕಾರಿ ಸಂಬಳದ ಮೇಲೆ ಊರಿಗೆ ಇಬ್ಬರಂತೆ ನೇಮಿಸಿತು. ಮುಂದೆ ಅವರಿಗೇ ನ್ಯುಮೋನಿಯಾ ಚಿಕಿತ್ಸೆಯನ್ನೂ ಕಲಿಸಿತು. ಆದರೂ ಅಲ್ಲಿನ ಓರೋಮಿಯಾ ಪ್ರಾಂತ್ಯದಲ್ಲಿ ನಡೆದ ಮೌಲ್ಯಮಾಪನದಲ್ಲಿ ಮಕ್ಕಳ ಸಾವಿನ ಮೇಲೆ ಸ್ಪಷ್ಟ ಪರಿಣಾಮ ಕಾಣಲಿಲ್ಲ, ಏಕೆಂದರೆ ಕಾಯಿಲೆ ಬಿದ್ದ ಮಕ್ಕಳಲ್ಲಿ ಕೆಲವೇ ಕೆಲವರನ್ನು ಮಾತ್ರ ಅವರ ಹತ್ತಿರ ಕರೆತಂದರು. ಕೈ ಪಳಗಿದ್ದರೂ ಕೂಸು ಎದುರಿಗೆ ಬರದಿದ್ದರೆ ಏನು ಪ್ರಯೋಜನ? ಪ್ಯಾಕೇಜ್ ಬರೆದಿರುವುದು ತಾಯಿಯೇ ಕೂಸನ್ನು ಎತ್ತಿಕೊಂಡು ಬರುತ್ತಾಳೆ ಎಂಬ ನಂಬಿಕೆಯ ಮೇಲೆ. ನಮ್ಮ ಆಶಾ ಮನೆ ಮನೆಗೆ ಹೋಗುವವಳು, ಅದು ನಮ್ಮ ಬಲ, ಅದನ್ನು ಕಳೆದುಕೊಳ್ಳಬಾರದು. ಮಲಾವಿಯಲ್ಲಿ ಇನ್ನೊಂದು ತೊಡಕು ಎದುರಾಯಿತು: ಔಷಧ ಮುಗಿಯುವುದು. ಅಲ್ಲಿ ಕಾರ್ಯಕರ್ತರು ತಮ್ಮ ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ಸಾಮಾನ್ಯ ಮೊಬೈಲಿನಿಂದ ಎಸ್‌ಎಂಎಸ್ ಕಳಿಸುವ ಸಿ-ಸ್ಟಾಕ್ ಎಂಬ ವ್ಯವಸ್ಥೆ ಮಾಡಿದರು. ನಮ್ಮಲ್ಲಿ ಆಶಾ ಮೆಂಟರ್ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಸೋಮವಾರ ಓಆರ್‌ಎಸ್, ಜಿಂಕ್, ಅಮಾಕ್ಸಿಸಿಲಿನ್ ಮೂರರ ಸಂಖ್ಯೆ ಕೇಳಿದರೆ ಅದೇ ಕೆಲಸವಾಗುತ್ತದೆ. ಕೇಳಿದ ಮೇಲೆ ಪೂರೈಸಬೇಕು, ಇಲ್ಲವಾದರೆ ಮೂರನೇ ವಾರಕ್ಕೆ ಯಾರೂ ಉತ್ತರಿಸುವುದಿಲ್ಲ.

ಊರಿನ ಕಾಯಿಲೆಗೆ ಪ್ಯಾಕೇಜಿನಲ್ಲಿ ಪುಟವಿಲ್ಲ

ಒಂದೇ ಓಣಿಯಲ್ಲಿ ನಾಲ್ಕು ಮಕ್ಕಳಿಗೆ ಎರಡು ದಿನದಲ್ಲಿ ವಾಂತಿಭೇದಿ. ಪ್ಯಾಕೇಜ್ ಓದಿದ ಕಾರ್ಯಕರ್ತೆ ನಾಲ್ಕು ಹಾಳೆ ತುಂಬಿ, ನಾಲ್ಕು ಪೊಟ್ಟಣ ಕೊಟ್ಟು ಮನೆಗೆ ಹೋಗಬಹುದು. ಅದು ಸಾಲದು. 2022ರಲ್ಲಿ ರಾಯಚೂರು ನಗರ, 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ ಕಲುಷಿತ ನೀರಿನಿಂದ ಏನು ಅನುಭವಿಸಿದವೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಆದ್ದರಿಂದ ಎರಡನೇ ಸುತ್ತಿಗೆ ಒಂದು ದಿನ ಸೇರಿಸಿ, ಇವನ್ನು ಮಾಡಿಸಿ.

ಮೊದಲು ಪಟ್ಟಿ: ಹೆಸರು, ವಯಸ್ಸು, ಮನೆ, ಶುರುವಾದ ದಿನ, ಕುಡಿಯುವ ನೀರು ಎಲ್ಲಿಯದು. ಕೊನೆಯ ಕಾಲಂ ಬಿಡಿಸಿ ಕೇಳಬೇಕು, ನಳದ ನೀರೋ, ಬೋರ್‌ವೆಲ್ಲೋ, ಶುದ್ಧ ನೀರಿನ ಘಟಕದ ಕ್ಯಾನೋ, ಹೊಲದಲ್ಲಿ ಕುಡಿದ ಕಾಲುವೆ ನೀರೋ. ಆಮೇಲೆ ಓಣಿಯ ನಕ್ಷೆ ಕೈಯಲ್ಲೇ ಬರೆದು ಮನೆಗಳಿಗೆ ಚುಕ್ಕಿ, ಪೈಪ್‌ಲೈನಿಗೆ ಗೆರೆ. ಚುಕ್ಕಿಗಳು ಒಂದೇ ವಾಲ್ವಿನ ಕೆಳಗೆ ಗುಂಪಾದರೆ ವಾಲ್ವ್ ಗುಂಡಿಯಲ್ಲಿ ಚರಂಡಿ ನೀರು ನಿಂತಿದೆಯೇ ನೋಡಬೇಕು. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇಳಿದು ಹೊರಗಿನ ಕೊಳೆ ಒಳಕ್ಕೆ ಹೀರಿಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಇದು ಮಾಮೂಲು ಕಾರಣ. ಮೂರನೆಯದು ಕ್ಲೋರಿನ್: ಕಟ್ಟಕಡೆಯ ನಳದಲ್ಲಿ ಕನಿಷ್ಠ 0.2 ಮಿ.ಗ್ರಾಂ./ಲೀಟರ್ ಉಳಿದಿರಬೇಕು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡುವ ವ್ಯವಸ್ಥೆ ಇದೆ, ಆ ಕಿಟ್ ಯಾರ ಮನೆಯಲ್ಲಿದೆ ಎಂದು ಆಶಾಗೆ ಗೊತ್ತಿರಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ ಲೆಕ್ಕ, 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ನೀರು ಹರಿಸುವುದು. ಬಾಯಿ ತೆರೆದಿಟ್ಟ ಚೀಲದ ಪೌಡರ್ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗ್ರಾಂ ಲೆಕ್ಕ ಸರಿಯಿದ್ದೂ ನಳದಲ್ಲಿ ಕ್ಲೋರಿನ್ ಸಿಗದಿದ್ದರೆ ಮೊದಲು ಚೀಲವನ್ನೇ ಅನುಮಾನಿಸಿ. ನೀರುಗಂಟಿಯನ್ನೂ ಆ ದಿನದ ತರಬೇತಿಗೆ ಕರೆಯಿರಿ. ಆಶಾ ಹೇಳಿ ಅವನು ಮಾಡುವುದಕ್ಕಿಂತ ಇಬ್ಬರೂ ಕೂಡಿ ಅಳೆಯುವುದು ಒಳ್ಳೆಯದು.

ಕಾರಣ ಹುಡುಕುವ ಈ ಕೆಲಸ ಒಬ್ಬಳ ಹೆಗಲಿಗೆ ಬಿದ್ದರೆ ನಡೆಯುವುದಿಲ್ಲ. ಮಲಾವಿಯ ಮ್ಚಿಂಜಿ ಜಿಲ್ಲೆಯಲ್ಲೂ ನಮ್ಮ ಜಾರ್ಖಂಡ್, ಒಡಿಶಾದಲ್ಲೂ ಮಹಿಳಾ ಗುಂಪುಗಳು ತಿಂಗಳಿಗೊಮ್ಮೆ ಕೂತು, ಯಾವ ತೊಂದರೆ ಮೊದಲು, ಏಕೆ ಆಗುತ್ತಿದೆ, ನಾವು ಏನು ಮಾಡಬಹುದು, ಮಾಡಿದ್ದು ಫಲ ಕೊಟ್ಟಿತೇ ಎಂದು ಹಂತ ಹಂತವಾಗಿ ಕೇಳಿಕೊಂಡವು. 2010ರಲ್ಲಿ ಪ್ರಕಟವಾದ ಜಾರ್ಖಂಡ್–ಒಡಿಶಾ ಅಧ್ಯಯನದಲ್ಲಿ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು 32% ಕಡಿಮೆ ಇತ್ತು. ನಮ್ಮ ಸ್ತ್ರೀಶಕ್ತಿ ಸಂಘಗಳ ಸಭೆಗೆ ಇದನ್ನು ಜೋಡಿಸುವುದು ಕಷ್ಟವಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ₹10,000 ಮುಕ್ತ ನಿಧಿ ಇದ್ದೇ ಇದೆ, ವಾಲ್ವ್ ಗುಂಡಿ ಎತ್ತರಿಸಿ ಮುಚ್ಚಳ ಹಾಕಿಸುವುದು ಅಂಥ ಹಣಕ್ಕೆ ತಕ್ಕ ಕೆಲಸ.

ತರುವವರಿಗೆ

ಕನ್ನಡಕ್ಕೆ ಮಾಡುವಾಗ ಪುಸ್ತಕದ ಕನ್ನಡ ಬೇಡ, ತಾಯಿಗೆ ಕೇಳುವ ಪ್ರಶ್ನೆಗಳು ಈ ಭಾಗದ ಮಾತಲ್ಲೇ ಇರಲಿ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಿಗೆ ತೆಲುಗು, ತಾಂಡಾಗಳಿಗೆ ಲಂಬಾಣಿ ಬಲ್ಲವರಿಂದ ಅದೇ ಪ್ರಶ್ನೆಗಳನ್ನು ಹೇಳಿಸಿ ನೋಡಿ. ಅಪಾಯ ಚಿಹ್ನೆಯ ಚಿತ್ರಗಳನ್ನು ಹೊಸದಾಗಿ ಬರೆಸಲು ಹೋಗಬೇಡಿ, ಎದೆ ಒಳಸೇರುವ ಗೆರೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ತಪ್ಪು ಕಲಿಕೆಯಾಗುತ್ತದೆ. ಮನೆ, ಬಟ್ಟೆ, ಪಾತ್ರೆಯ ಚಿತ್ರಗಳನ್ನು ಬದಲಿಸಿದರೆ ಸಾಕು. ಚಾರ್ಟ್ ಬಣ್ಣದಲ್ಲೇ ಇರಬೇಕು, ಕಪ್ಪುಬಿಳುಪಿನಲ್ಲಿ ಕೆಂಪು, ಹಳದಿ ಒಂದೇ ಆಗುತ್ತವೆ.

ದಾಖಲೆ ಹಾಳೆಯನ್ನು ಕಾರ್ಬನ್ ಸಹಿತ ಎರಡು ಪ್ರತಿಯ ಪುಸ್ತಕವಾಗಿ ಕಟ್ಟಿಸಿ. ಮೇಲಿನ ಪ್ರತಿ ತಾಯಿ ಕಾರ್ಡಿನೊಳಗೆ ಹೋಗಲಿ, ಗುಳೆ ಹೋದ ಕಡೆ ವೈದ್ಯರಿಗೆ ಮಗುವಿನ ಹಿಂದಿನ ಕಾಯಿಲೆ ತಿಳಿಯಲು ಅದೇ ಆಧಾರ. ಇನ್ನೊಂದು ಪ್ರತಿ ಪುಸ್ತಕದಲ್ಲೇ ಉಳಿದು ತಿಂಗಳ ಸಭೆಗೆ ಬರಲಿ. ಅಲ್ಲಿ ಮೆಂಟರ್ ಮೊದಲು ನೋಡಬೇಕಾದದ್ದು ಉಸಿರಿನ ಅಂಕಿ: 40, 50, 60 ಎಂಬ ದುಂಡು ಸಂಖ್ಯೆಗಳೇ ತುಂಬಿದ್ದರೆ ಎಣಿಸಿಲ್ಲ ಎಂದರ್ಥ. ಆ ಆಶಾಳನ್ನು ಗದರದೆ, ಅದೇ ವಾರ ಅವಳ ಜೊತೆ ಎರಡು ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಒಂದು ನಿಮಿಷ ಕೂಡಿ ಎಣಿಸಬೇಕು.